ಹಿತ್ತಲಿಲ್ಲದ ಮನೆಯ ಬೆಕ್ಕು

ಸಾಕುಪ್ರಾಣಿಗಳಲ್ಲಿ ಬೆಕ್ಕಿನಷ್ಟು ಶುಚಿತ್ವವನ್ನು ಬಯಸುವ ಪ್ರಾಣಿ ವಿರಳ. ದಿನದ ಬಹುಭಾಗವನ್ನು ನಿದ್ರೆಯಲ್ಲಿ ಕಳೆಯುವ ಈ ಪ್ರಾಣಿಯು ಎಚ್ಚರವಾಗಿರುವ ಹೊತ್ತಿನಲ್ಲಿ ದೊಡ್ಡ ಪಾಲನ್ನು ಮೈ ನೆಕ್ಕಿಕೊಳ್ಳುವುದಕ್ಕೇ ಮೀಸಲಿಡುತ್ತದೆ. ಮಲಮೂತ್ರ ವಿಸರ್ಜನೆಯ ವಿಷಯದಲ್ಲಂತೂ ಅದರ ಶಿಸ್ತು ಮೆಚ್ಚತಕ್ಕದ್ದು. ಸಡಿಲವಾದ ಮಣ್ಣನ್ನು ಹುಡುಕಿ, ಮುಂಗಾಲಿನಿಂದ ಸಣ್ಣ ಗುಳಿಯನ್ನು ತೋಡಿ, ಕೆಲಸ ಮುಗಿದ ಮೇಲೆ ಮಣ್ಣೆಳೆದು ಮುಚ್ಚಿ, ಒಮ್ಮೆ ಮೂಸಿ ನೋಡಿ, ಸಾಲದೆಂದು ತೋರಿದರೆ ಇನ್ನಷ್ಟು ಮಣ್ಣನ್ನು ಎಳೆದು, ಅನಂತರವೇ ಅದು ಅಲ್ಲಿಂದ ಹೊರಡುತ್ತದೆ. ಇದನ್ನು ಅದಕ್ಕೆ ಯಾರೂ ಕಲಿಸಿಕೊಟ್ಟಿರುವುದಿಲ್ಲ. ಹುಟ್ಟಿ ಕೆಲವೇ ವಾರಗಳಾದ ಮರಿಯೂ ಮರಳನ್ನು ಕಂಡರೆ ಕೆರೆಯತೊಡಗುತ್ತದೆ.

ಈ ಗುಣವು ಬೆಕ್ಕಿಗೆ ಬಂದುದು ಅದರ ಪೂರ್ವಜರಿಂದ. ನಮ್ಮ ಮನೆಯ ಬೆಕ್ಕು ಉತ್ತರ ಆಫ್ರಿಕ ಹಾಗೂ ಪಶ್ಚಿಮ ಏಷ್ಯದ ಒಣನಾಡುಗಳಲ್ಲಿ ವಾಸಿಸುವ ಕಾಡುಬೆಕ್ಕಿನ ಸಂತತಿ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದೆ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಹೂಳಿದ್ದ ಬೆಕ್ಕಿನ ಅಸ್ಥಿಪಂಜರ ದೊರೆತಿರುವುದನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಅಂದಿನಿಂದಲೂ, ಬಹುಶಃ ಅದಕ್ಕಿಂತ ಹಿಂದಿನಿಂದಲೂ, ಬೆಕ್ಕು ಮನುಷ್ಯನ ಕಣಜದ ಕಾವಲುಗಾರ. ಮರಳುನಾಡಿನ ಜೀವಿಯಾದುದರಿಂದ ಅದು ನೀರು ಕುಡಿಯುವುದು ಕಡಿಮೆ; ದೇಹವು ನೀರನ್ನು ಹಿಡಿದಿಟ್ಟುಕೊಂಡು ಮೂತ್ರವನ್ನು ಗಾಢವಾಗಿ ಹೊರಹಾಕುತ್ತದೆ. ಆ ಮೂತ್ರದಲ್ಲಿ ಗಂಧಕಯುಕ್ತವಾದ ಫೆಲಿನೈನ್ ಎಂಬ ವಸ್ತುವೂ ಇರುತ್ತದೆ. ಬೆಕ್ಕಿನ ಮೂತ್ರದ ವಾಸನೆ ನಾಯಿಯ ಮೂತ್ರದ ವಾಸನೆಗಿಂತ ತೀಕ್ಷ್ಣವಾಗಿರುವುದು ಇದರಿಂದಲೇ. ಹೀಗೆ ಪ್ರಕೃತಿಯು ಬೆಕ್ಕಿಗೆ ತೀವ್ರವಾದ ವಾಸನೆಯನ್ನೂ ಕೊಟ್ಟಿತು, ಅದನ್ನು ಮುಚ್ಚುವ ಬುದ್ಧಿಯನ್ನೂ ಕೊಟ್ಟಿತು. ಮುಚ್ಚುವುದಕ್ಕೆ ಬೇಕಾದ ಮಣ್ಣು ಮಾತ್ರ ಮನುಷ್ಯನ ಕೈಯಲ್ಲಿ ಉಳಿಯಿತು.

ಹಿತ್ತಲಿದ್ದ ಕಾಲದಲ್ಲಿ ಈ ಮಾತನ್ನು ಯೋಚಿಸುವ ಅಗತ್ಯವೇ ಇರಲಿಲ್ಲ. ಬಚ್ಚಲಿನ ನೀರು ಹರಿಯುವ ಬಾಳೆಯ ಬುಡ, ಬೇಲಿಯ ಸಂದು, ಕಸದ ತಿಪ್ಪೆ, ಎಲ್ಲಿಯಾದರೂ ಬೆಕ್ಕಿಗೆ ಒಂದು ಗೇಣು ಸಡಿಲವಾದ ಮಣ್ಣು ದೊರೆಯುತ್ತಿತ್ತು. ಅದು ಎಲ್ಲಿಗೆ ಹೋಗಿ ಬಂದಿತೆಂಬುದನ್ನು ಮನೆಯವರು ಕೇಳುತ್ತಲೂ ಇರಲಿಲ್ಲ.

ಈಗ ಬೆಂಗಳೂರಿನ ಪೂರ್ವಭಾಗದ ಜೋಗುಪಾಳ್ಯದಂತಹ ಬಡಾವಣೆಯನ್ನು ನೋಡಬೇಕು. ಹಲಸೂರು ಕೆರೆಗೂ ಇಂದಿರಾನಗರಕ್ಕೂ ನಡುವೆ ಇರುವ ಈ ಹಳೆಯ ಪಾಳ್ಯದ ಓಣಿಗಳು ಕಿರಿದು; ನಿವೇಶನಗಳು ಇನ್ನೂ ಕಿರಿದು. ಇಲ್ಲಿ ಮನೆಗಳು ಅಕ್ಕಪಕ್ಕಕ್ಕೆ ಬೆಳೆಯಲು ಸ್ಥಳವಿಲ್ಲದೆ ಮೇಲಕ್ಕೆ ಬೆಳೆದಿವೆ. ಒಂದು ಮನೆಯ ಗೋಡೆಯೇ ಇನ್ನೊಂದು ಮನೆಯ ಗೋಡೆಗೆ ಆತುಕೊಂಡಿರುತ್ತದೆ. ಅಂಗಳಕ್ಕೆ ಸಿಮೆಂಟು, ಓಣಿಗೆ ಕಾಂಕ್ರೀಟು. ಎರಡನೆಯ ಮಹಡಿಯಲ್ಲಿರುವ ಬೆಕ್ಕು ಗುಳಿ ತೋಡುವುದಾದರೂ ಎಲ್ಲಿ? ನೆರೆಮನೆಯವರ ತುಳಸಿಯ ಕುಂಡದಲ್ಲಿ, ಇಲ್ಲವೇ ಬೀದಿಯ ತಿರುವಿನಲ್ಲಿ ಮನೆ ಕಟ್ಟಿಸುತ್ತಿರುವವರು ಸುರಿಸಿದ ಮರಳಿನ ರಾಶಿಯಲ್ಲಿ. ಆ ಮರಳನ್ನು ಬರಿಗೈಯಲ್ಲಿ ಬಾಚಿ ಜರಡಿ ಹಿಡಿಯುವವರು ಗಾರೆಕೆಲಸದ ಹೆಂಗಸರು ಎಂಬುದನ್ನು ಬೆಕ್ಕು ಅರಿಯದು; ಬೆಕ್ಕನ್ನು ಸಾಕಿದವರು ಅರಿಯಬೇಕಾಗುತ್ತದೆ.

ಇಂತಹ ಕಡೆಗಳಲ್ಲಿ ಜಗಳಗಳು ಹುಟ್ಟುವುದು ಸಹಜ. ಮೊದಲು ಗೊಣಗಾಟ, ಆಮೇಲೆ ಏರುದನಿ, ಕೊನೆಗೆ ಗೋಣಿಚೀಲ. ಬೆಕ್ಕನ್ನು ಚೀಲದಲ್ಲಿ ಕಟ್ಟಿ ದೂರದ ಮಾರುಕಟ್ಟೆಯ ಬಳಿ ಬಿಟ್ಟುಬರುವುದು ನಮ್ಮ ಊರುಗಳಲ್ಲಿ ಹಿಂದಿನಿಂದಲೂ ನಡೆದುಬಂದಿರುವ ನಿಷ್ಕರುಣೆಯ ಕೆಲಸ. ಮನೆಯ ಮಗಳು ಹೆರಿಗೆಗೆಂದು ತವರಿಗೆ ಬಂದಾಗ ಈ ಮಾತು ಮತ್ತಷ್ಟು ಬಲವಾಗುತ್ತದೆ. “ಬಸುರಿ ಹೆಂಗಸಿರುವ ಮನೆಯಲ್ಲಿ ಬೆಕ್ಕು ಇರಕೂಡದಮ್ಮ, ಎಲ್ಲಾದರೂ ಬಿಟ್ಟುಬಿಡಿ” ಎಂದು ಹಿರಿಯರು ಹೇಳುತ್ತಾರೆ. “ಅದು ಹುಟ್ಟಿದ್ದೇ ಈ ಮನೆಯಲ್ಲಿ ಅಜ್ಜಿ, ಎಲ್ಲಿಗೆ ಹೋದೀತು?” ಎಂದು ಮಕ್ಕಳು ಕೇಳುತ್ತಾರೆ. ಹಿರಿಯರ ಭಯ ಬುಡವಿಲ್ಲದ್ದಲ್ಲ. ಮಕ್ಕಳ ಪ್ರಶ್ನೆಯೂ ತಳ್ಳಿಹಾಕತಕ್ಕದ್ದಲ್ಲ. ಎರಡಕ್ಕೂ ಉತ್ತರ ಇರುವುದು ಒಂದು ತೊಟ್ಟಿಯಲ್ಲಿ.

ಬೆಕ್ಕಿಗಾಗಿ ಮನೆಯೊಳಗೇ ತೊಟ್ಟಿಯಿಡುವ ಪದ್ಧತಿ ಬಹಳ ಹಳೆಯದೇನಲ್ಲ. ಶೀತದೇಶಗಳಲ್ಲಿ ಚಳಿಗಾಲಕ್ಕೆಂದು ಪೆಟ್ಟಿಗೆಯಲ್ಲಿ ಮರಳನ್ನೋ ಒಲೆಯ ಬೂದಿಯನ್ನೋ ತುಂಬಿಡುತ್ತಿದ್ದರು. 1947ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆರೆಮನೆಯ ಹೆಂಗಸೊಬ್ಬಳು ಎಡ್ವರ್ಡ್ ಲೋವ್ ಎಂಬಾತನ ಬಳಿಗೆ ಬಂದು ಬೆಕ್ಕಿಗಾಗಿ ಸ್ವಲ್ಪ ಮರಳನ್ನು ಕೇಳಿದಳು. ಬೂದಿಯನ್ನು ಬಳಸಿ ಆಕೆಗೆ ಸಾಕಾಗಿತ್ತು. ಮನೆಯ ತುಂಬ ಬೆಕ್ಕಿನ ಕರಿ ಹೆಜ್ಜೆಗಳೇ. ಲೋವನ ಮನೆತನದವರು ಕಾರ್ಖಾನೆಗಳಲ್ಲಿ ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಹೀರುವ ಸಾಮಗ್ರಿಗಳನ್ನು ಮಾರುತ್ತಿದ್ದರು. ಆತನು ಮರಳಿನ ಬದಲಿಗೆ ಮುಲ್ತಾನಿ ಮಣ್ಣಿನ ಜಾತಿಗೆ ಸೇರಿದ, ಹರಳುಹರಳಾದ ಜೇಡಿಮಣ್ಣನ್ನು ಕೊಟ್ಟನು. ಅದು ಒದ್ದೆಯನ್ನು ಹೀರಿತು, ವಾಸನೆಯನ್ನು ತಗ್ಗಿಸಿತು. ಆಕೆ ಮತ್ತೆ ಬಂದು ಅದನ್ನೇ ಕೇಳಿದಳು. ಲೋವನು ಆ ಮಣ್ಣನ್ನು ಚೀಲಗಳಿಗೆ ತುಂಬಿ, ಮೇಲೆ ‘ಕಿಟ್ಟಿ ಲಿಟರ್’ ಎಂದು ಕೈಯಿಂದಲೇ ಬರೆದು ಮಾರಹೊರಟನು. ಕೆಲವೇ ದಶಕಗಳಲ್ಲಿ ಅದೊಂದು ದೊಡ್ಡ ಉದ್ಯಮವಾಯಿತು. 1980ರ ದಶಕದಲ್ಲಿ ಬೆಂಟೊನೈಟ್ ಎಂಬ ಜೇಡಿಮಣ್ಣು ಬಳಕೆಗೆ ಬಂದಿತು. ಒದ್ದೆಯಾದೊಡನೆ ಉಬ್ಬಿ ಗಟ್ಟಿಯುಂಡೆಯಾಗುವುದು ಅದರ ಗುಣ. ಆ ಉಂಡೆಯನ್ನಷ್ಟೇ ಎತ್ತಿ ಬಿಸುಡಬಹುದು.

ನಮ್ಮ ದೇಶದಲ್ಲಿ ಬೆಂಟೊನೈಟ್ ನಿಕ್ಷೇಪಗಳಿರುವುದು ಗುಜರಾತಿನ ಕಛ್ ಮತ್ತು ರಾಜಸ್ಥಾನದ ಬಾಡ್‌ಮೇರ್ ಕಡೆಗಳಲ್ಲಿ. ನೆಲವನ್ನು ಅಗೆದು, ಒಣಗಿಸಿ, ಪುಡಿಮಾಡಿ, ಸಾವಿರಾರು ಕಿಲೋಮೀಟರು ಸಾಗಿಸಿ ತಂದ ಮಣ್ಣನ್ನು ಬೆಂಗಳೂರಿನ ಮನೆಯೊಂದರಲ್ಲಿ ಬೆಕ್ಕಿನ ಕೆಳಗೆ ಹರಡಿ, ಮಾರನೆಯ ದಿನ ಕಸಕ್ಕೆ ಹಾಕುವುದು ವಿಚಿತ್ರವಾದ ವ್ಯವಹಾರವೇ ಸರಿ. ಅದನ್ನು ಕೊಳ್ಳುವ ಶಕ್ತಿಯೂ ಎಲ್ಲರಿಗಿರುವುದಿಲ್ಲ. ಬೀದಿಯ ಮರಿಗೆ ಹಾಲೆರೆದು ಒಳಗೆ ಕರೆದುಕೊಂಡ ಬಡ ಕುಟುಂಬಕ್ಕೆ ತಿಂಗಳು ತಿಂಗಳೂ ಮಣ್ಣಿಗೆ ಹಣ ತೆರುವುದು ಸಾಧ್ಯವಾಗದ ಮಾತು. ಆದರೆ ಒದ್ದೆಯನ್ನು ಹೀರುವ ಗುಣವಿರುವ ವಸ್ತುಗಳು ಅದೇ ಮನೆಯಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಮುಖ್ಯವಾದುದು ಓದಿ ಮಡಿಸಿಟ್ಟ ವೃತ್ತಪತ್ರಿಕೆ.

ಕಾಗದವೆಂದರೆ ಮರದ ನಾರು. ಈ ನಾರಿನ ಮುಖ್ಯಾಂಶವಾದ ಸೆಲ್ಯುಲೋಸಿಗೆ ನೀರೆಂದರೆ ಬಲು ಪ್ರೀತಿ. ಮುದ್ರಣಕ್ಕೆಂದು ನುಣುಪುಲೇಪ ಬಳಿದ ಕಾಗದಕ್ಕೆ ಈ ಗುಣ ಕಡಿಮೆ; ಸಾದಾ ಪತ್ರಿಕೆಯ ಕಾಗದಕ್ಕೆ ಹೆಚ್ಚು. ಹದಿನಾರು ಪುಟಗಳ ಒಂದು ದಿನಪತ್ರಿಕೆಯ ತೂಕ ಸುಮಾರು 70 ಗ್ರಾಂ. ವಾರದ ಪತ್ರಿಕೆಗಳೆಲ್ಲ ಸೇರಿದರೆ ಅರ್ಧ ಕಿಲೋ ಆಗುತ್ತದೆ. ಒಂದು ಸಾಧಾರಣ ತೊಟ್ಟಿಯನ್ನು ನಾಲ್ಕು ಬೆರಳಿನಷ್ಟು ಎತ್ತರಕ್ಕೆ ಒಮ್ಮೆ ತುಂಬಲು ಹೆಚ್ಚುಕಡಿಮೆ ಇಷ್ಟು ಸಾಕು. ಪತ್ರಿಕೆ ತರಿಸದವರಿಗೆ ಹಳೆಯ ಪೇಪರಿನ ಅಂಗಡಿ ಇದ್ದೇ ಇದೆ.

ತಯಾರಿಸುವ ಕ್ರಮ ಹೀಗಿದೆ. ಮೊದಲು ಪತ್ರಿಕೆಯನ್ನು ಬೆರಳಗಲದ ಪಟ್ಟಿಗಳಾಗಿ ಹರಿಯಬೇಕು. ಒಂದು ದಿಕ್ಕಿಗೆ ಹರಿದರೆ ಕಾಗದವು ನೇರವಾಗಿ ಸೀಳುತ್ತದೆ. ಅಡ್ಡದಿಕ್ಕಿಗೆ ಹರಿದರೆ ಸೊಟ್ಟಗಾಗುತ್ತದೆ. ಕಾಗದ ತಯಾರಾಗುವಾಗ ಯಂತ್ರವು ಓಡುವ ದಿಕ್ಕಿಗೆ ಹೆಚ್ಚಿನ ನಾರುಗಳು ಮಲಗಿಕೊಳ್ಳುವುದೇ ಇದಕ್ಕೆ ಕಾರಣ. ನೇರವಾಗಿ ಸೀಳುವ ದಿಕ್ಕನ್ನು ಕಂಡುಕೊಂಡರೆ ಚಿಕ್ಕ ಮಕ್ಕಳೂ ಒಂದು ವಾರದ ಪತ್ರಿಕೆಯನ್ನು ಮಾತಾಡುತ್ತ ಮಾತಾಡುತ್ತ ಹರಿದು ಮುಗಿಸಬಲ್ಲರು. ಹರಿದ ಪಟ್ಟಿಗಳನ್ನು ಬಕೆಟ್ಟಿನಲ್ಲಿ ಹಾಕಿ, ಮುಳುಗುವಷ್ಟು ಬೆಚ್ಚನೆಯ ನೀರೆರೆದು, ಪಾತ್ರೆ ತೊಳೆಯುವ ಸೋಪಿನ ದ್ರವವನ್ನು ನಾಲ್ಕೈದು ಹನಿ ಮಾತ್ರ ಬೆರೆಸಿ ಅರ್ಧ ದಿನ ನೆನೆಯಲು ಬಿಡಬೇಕು. ಆಮೇಲೆ ಕೈಯಿಂದ ಕಿವುಚಿದರೆ ಅದು ದೋಸೆಯ ಹಿಟ್ಟಿನಷ್ಟು ಮೆತ್ತಗಲ್ಲದಿದ್ದರೂ ನೆನೆದ ಅವಲಕ್ಕಿಯ ಹದಕ್ಕೆ ಬರುತ್ತದೆ. ನೀರು ಬೂದುಬಣ್ಣಕ್ಕೆ ತಿರುಗುತ್ತದೆ. ಈ ಮುದ್ದೆಯನ್ನು ತೆಳುವಾದ ಹಳೆಯ ಬಟ್ಟೆಯಲ್ಲಿ ಸೋಸಿ, ಸೋಪು ಉಳಿಯದಂತೆ ಎರಡು ಮೂರು ಸಲ ಶುದ್ಧನೀರಿನಲ್ಲಿ ಜಾಲಿಸಬೇಕು. ಈ ಹಂತದಲ್ಲಿ ಆತುರ ಸಲ್ಲದು. ಬೆಕ್ಕು ತನ್ನ ಪಾದವನ್ನು ನೆಕ್ಕುವ ಪ್ರಾಣಿ. ಪಾದಕ್ಕೆ ಅಂಟಿದುದೆಲ್ಲ ಹೊಟ್ಟೆಗೆ ಹೋಗುತ್ತದೆ.

ಜಾಲಿಸಿದ ಮುದ್ದೆಯ ಮೇಲೆ ಒಂದೆರಡು ಚಮಚ ಅಡುಗೆ ಸೋಡಾವನ್ನು ಉದುರಿಸಿ ನಾದಬೇಕು. ಬಳಿಕ ಹಿಡಿಹಿಡಿಯಾಗಿ ತೆಗೆದುಕೊಂಡು ನೀರೆಲ್ಲ ಇಳಿಯುವಂತೆ ಹಿಂಡಿ, ಎರಡು ಅಂಗೈಗಳ ನಡುವೆ ಉಜ್ಜಿ, ಕಡಲೆಕಾಳಿನ ಗಾತ್ರದ ತುಣುಕುಗಳಾಗಿ ಉದುರಿಸಬೇಕು. ಹಿಂಡುವುದು ಸಾಲದಾದರೆ ತುಣುಕು ಒಳಗೆ ಹಸಿಯಾಗಿಯೇ ಉಳಿದು ಬೂಸಲು ಹಿಡಿಯುತ್ತದೆ. ತಾರಸಿಯ ಮೇಲೆ ಹಳೆಯ ಸೀರೆಯನ್ನು ಹಾಸಿ ತುಣುಕುಗಳನ್ನು ತೆಳುವಾಗಿ ಹರಡಿದರೆ ಬೇಸಿಗೆಯಲ್ಲಿ ಎರಡು ಮೂರು ದಿನಗಳಲ್ಲಿ ಗರಿಗರಿಯಾಗಿ ಒಣಗುತ್ತವೆ. ಬೆಂಗಳೂರಿನ ಆಷಾಢದ ಜಡಿಮಳೆಯಲ್ಲಿ ಈ ಕೆಲಸ ಕೈಗೂಡದು. ಹಪ್ಪಳ ಸಂಡಿಗೆಗಳನ್ನು ಮಾಡಿಡುವ ಕಾಲವೇ ಇದಕ್ಕೂ ಕಾಲ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬಿಸಿಲಿನಲ್ಲಿ ಮಾಡಿ ಡಬ್ಬಗಳಲ್ಲಿ ತುಂಬಿಟ್ಟುಕೊಂಡರೆ ಮಳೆಗಾಲಕ್ಕೆ ಒದಗುತ್ತದೆ. ಸಂಡಿಗೆಯನ್ನು ಕಾಗೆಯಿಂದ ಕಾಯಬೇಕು. ಇದಕ್ಕೆ ಆ ಕಾಟವೂ ಇಲ್ಲ.

ಸೋಡಾ ಏನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದನ್ನು ತಿಳಿದಿರಬೇಕು. ಅಡುಗೆ ಸೋಡಾ ಸೌಮ್ಯವಾದ ಪ್ರತ್ಯಾಮ್ಲ. ಆಮ್ಲೀಯವಾದ ವಾಸನೆಗಳನ್ನು ಅದು ತಗ್ಗಿಸುತ್ತದೆ. ಆದರೆ ಮೂತ್ರವು ಹಳಸಿದಾಗ ಮೂಗಿಗೆ ಅಡರುವುದು ಅಮೋನಿಯ. ಮೂತ್ರದಲ್ಲಿರುವ ಯೂರಿಯವನ್ನು ಬ್ಯಾಕ್ಟೀರಿಯಗಳು ಒಡೆದಾಗ ಅದು ಹುಟ್ಟುತ್ತದೆ. ಅಮೋನಿಯ ತಾನೇ ಪ್ರತ್ಯಾಮ್ಲವಾದುದರಿಂದ ಸೋಡಾ ಅದನ್ನು ಹಿಡಿದಿಡಲಾರದು. ಒದ್ದೆಯಾದ ಭಾಗವನ್ನು ಅಂದಂದೇ ತೆಗೆದುಬಿಡುವುದೊಂದೇ ನಿಜವಾದ ಉಪಾಯ. ಸೋಡಾವನ್ನು ಹೆಚ್ಚು ಸುರಿದರೆ ತೊಟ್ಟಿ ತಾನಾಗಿಯೇ ಶುಚಿಯಾಗುತ್ತದೆ ಎಂದು ನಂಬುವುದು ಸೋಮಾರಿತನಕ್ಕೆ ವಿಜ್ಞಾನದ ಹೆಸರಿಟ್ಟಂತೆ.

ಇದೇ ಕಾರಣದಿಂದ ಕಟ್ಟಿಗೆಯ ಬೂದಿಯನ್ನೂ ಎಚ್ಚರದಿಂದ ನೋಡಬೇಕು. ಒಲೆಯ ಮುಂದೆ ಬೂದಿಯಲ್ಲಿ ಮಲಗುವ ಬೆಕ್ಕನ್ನು ಕಂಡವರಿಗೆ ಬೂದಿಯೇ ಅದಕ್ಕೆ ಹಿತವೆಂದು ತೋರಬಹುದು. ಬೆಕ್ಕು ಅಲ್ಲಿ ಹುಡುಕುವುದು ಬಿಸಿಯನ್ನು. ಬೂದಿ ಸೋಡಾಕ್ಕಿಂತ ತೀಕ್ಷ್ಣವಾದ ಕ್ಷಾರ. ಒದ್ದೆಯಾದಾಗ ಪಾದವನ್ನು ಕೆರಳಿಸುತ್ತದೆ, ಅಮೋನಿಯವು ಬೇಗನೆ ಗಾಳಿಗೆ ಸೇರುವಂತೆ ಮಾಡುತ್ತದೆ. ಬಡಗಿಯ ಅಂಗಡಿಯಲ್ಲಿ ಸಿಗುವ ಮರದ ಹೊಟ್ಟು ಇದಕ್ಕಿಂತ ಮೇಲು. ಆದರೆ ಅದು ಅಪ್ಪಟ ಮರದ ಒರಟು ಹೊಟ್ಟಾಗಿರಬೇಕು. ಪ್ಲೈವುಡ್ಡಿನ ಪುಡಿಯಲ್ಲಿ ಅಂಟು ಬೆರೆತಿರುತ್ತದೆ. ನಯವಾದ ಪುಡಿಯಂತೂ ಬೆಕ್ಕಿನ ಮೂಗಿಗೂ ಮನುಷ್ಯನ ಮೂಗಿಗೂ ಒಳ್ಳೆಯದಲ್ಲ. ತೆಂಗಿನ ನಾರನ್ನು ಬಿಡಿಸುವಾಗ ಉದುರುವ ಕಂದುಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುತ್ತದೆ. ಕಾಲಿಗೆ ಅಂಟಿಕೊಂಡು ಮನೆಯೆಲ್ಲ ಹರಡುವುದು ಅದರ ದೋಷ. ಕಾಗದದ ತುಣುಕಿನ ಕೆಳಗೆ ತೆಳುವಾದ ಪದರವಾಗಿ ಹಾಕಿದರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ.

ಎಲ್ಲವನ್ನೂ ಸಿದ್ಧಪಡಿಸಿದ ಮೇಲೆ ಒಪ್ಪಿಗೆಯನ್ನು ಕೊಡಬೇಕಾದುದು ಬೆಕ್ಕು. ಅದು ಹಟಮಾರಿ. ಹೊಸದನ್ನು ಒಮ್ಮೆಲೇ ತುಂಬಿಟ್ಟರೆ ಮೂಸಿ ನೋಡಿ ತಿರುಗಿ ಹೋಗುವುದೂ ಉಂಟು. ಮರಳಿಗೆ ಹೊಂದಿಕೊಂಡ ಬೆಕ್ಕಾದರೆ ಮೊದಲು ಮರಳಿನೊಡನೆ ಒಂದು ಹಿಡಿ ಕಾಗದವನ್ನು ಬೆರೆಸಬೇಕು. ದಿನದಿನಕ್ಕೆ ಮರಳನ್ನು ಕಡಿಮೆ ಮಾಡುತ್ತ, ಕಾಗದವನ್ನು ಹೆಚ್ಚಿಸುತ್ತ ಹೋಗಬೇಕು. ತೊಟ್ಟಿಯು ಗದ್ದಲವಿಲ್ಲದ ಮೂಲೆಯಲ್ಲಿರಬೇಕು; ಊಟದ ತಟ್ಟೆಯಿಂದ ದೂರವಿರಬೇಕು. ಇಷ್ಟೆಲ್ಲ ಮಾಡಿದರೂ ಬೆಕ್ಕು ತೊಟ್ಟಿಯ ಹೊರಗೆ ಹೋದರೆ ಅದನ್ನು ಗದರಿಸುವ ಮೊದಲು ಅದರ ಆರೋಗ್ಯವನ್ನು ಗಮನಿಸಬೇಕು. ಗಂಡುಬೆಕ್ಕು ಮತ್ತೆ ಮತ್ತೆ ತೊಟ್ಟಿಗೆ ಹೋಗಿ ತಿಣುಕಿದರೂ ಮೂತ್ರ ಬಾರದಿದ್ದರೆ ಅದು ಪ್ರಾಣಾಪಾಯದ ಚಿಹ್ನೆ; ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಮೂತ್ರದಲ್ಲಿ ರಕ್ತ ಬೆರೆತಿದ್ದರೆ ಮಸುಕುಬಣ್ಣದ ಕಾಗದದ ಮೇಲೆ ಅದು ಬೇಗ ಕಾಣುತ್ತದೆ. ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಕೆಲವು ದಿನ ಕಾಗದವನ್ನೇ ಹಾಕಿರೆಂದು ವೈದ್ಯರು ಹೇಳುವುದುಂಟು; ಮಣ್ಣಿನ ಧೂಳಿನಂತೆ ಅದು ಗಾಯಕ್ಕೆ ಅಂಟುವುದಿಲ್ಲ.

ಇನ್ನು ಹಿರಿಯರ ಭಯದ ಮಾತು. ಟಾಕ್ಸೊಪ್ಲಾಸ್ಮ ಎಂಬ ಏಕಕೋಶಜೀವಿಯು ಬೆಕ್ಕಿನ ಕರುಳಿನಲ್ಲಿ ವೃದ್ಧಿಯಾಗುತ್ತದೆ. ಸೋಂಕಿದ ಇಲಿಯನ್ನೋ ಹಸಿಮಾಂಸವನ್ನೋ ತಿಂದ ಬೆಕ್ಕಿಗೆ ಅದು ತಗಲುತ್ತದೆ. ಮೊದಲ ಸಲ ಸೋಂಕು ತಗಲಿದ ಬೆಕ್ಕು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳ ಕಾಲ ಮಲದಲ್ಲಿ ಅದರ ಬೀಜಕೋಶಗಳನ್ನು ಹೊರಹಾಕುತ್ತದೆ. ಗರ್ಭಿಣಿಗೆ ಇದು ಹೊಸದಾಗಿ ತಗಲಿದರೆ ಹೊಟ್ಟೆಯೊಳಗಿನ ಶಿಶುವಿನ ಕಣ್ಣಿಗೂ ಮೆದುಳಿಗೂ ಹಾನಿಯಾಗಬಹುದು. ಆದರೆ ಬೀಜಕೋಶವು ಹೊರಬಿದ್ದ ಕ್ಷಣವೇ ರೋಗವನ್ನು ಹರಡಲಾರದು. ಅದು ಬಲಿಯುವುದಕ್ಕೆ ಒಂದರಿಂದ ಐದು ದಿನಗಳು ಬೇಕು. ತೊಟ್ಟಿಯನ್ನು ಪ್ರತಿದಿನವೂ ತಪ್ಪದೆ ಶುಚಿಮಾಡಿದರೆ ಅಪಾಯದ ಬಹುಪಾಲು ಅಲ್ಲಿಯೇ ಮುರಿಯುತ್ತದೆ. ಆ ಕೆಲಸವನ್ನು ಗರ್ಭಿಣಿಯು ಮಾಡಬಾರದು. ಮನೆಯ ಇನ್ನೊಬ್ಬರು ಕೈಚೀಲ ಧರಿಸಿ ಮಾಡಿ, ಸೋಪಿನಿಂದ ಕೈ ತೊಳೆಯಬೇಕು. ಬೆಕ್ಕಿಗೆ ಹಸಿಮಾಂಸವನ್ನು ಹಾಕಬಾರದು. ಅದನ್ನು ಬೀದಿಗೆ ಬಿಡದೆ ಒಳಗೇ ಇರಿಸಿಕೊಳ್ಳುವುದು ಒಳ್ಳೆಯದು. ಸಂದೇಹವಿದ್ದರೆ ವೈದ್ಯರನ್ನು ಕೇಳಬೇಕು. ಬೇಯಿಸದ ಮಾಂಸದಿಂದಲೂ, ತೊಳೆಯದ ಸೊಪ್ಪು ತರಕಾರಿಗಳಿಂದಲೂ, ಮಣ್ಣಾದ ಕೈಯಿಂದಲೂ ಈ ಸೋಂಕು ಬರುವುದರಿಂದ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿದ ಮಾತ್ರಕ್ಕೆ ಮನೆಯವರು ನಿಶ್ಚಿಂತರಾಗಿರುವಂತಿಲ್ಲ. ಹೀಗೆ ಬೀದಿಗೆ ಬಿದ್ದ ಬೆಕ್ಕು ಇಲಿಯನ್ನು ಹಿಡಿದು ತಿಂದೇ ಬದುಕಬೇಕು. ಸೋಂಕು ತಗಲುವ ಸಂಭವ ಅಲ್ಲಿ ಹೆಚ್ಚು.

ತೊಟ್ಟಿಯನ್ನು ತೊಳೆಯುವಾಗ ನಮ್ಮ ಮನೆಗಳಲ್ಲಿ ಕೈ ಮೊದಲು ಹೋಗುವುದು ಫಿನಾಯಿಲಿನ ಸೀಸೆಗೆ. ಇದು ಕೂಡದು. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ನೆಲವನ್ನು ಶುಚಿಮಾಡುವ ಅದೇ ದ್ರವ ಬೆಕ್ಕಿಗೆ ವಿಷವಾಗಬಲ್ಲದು. ಬಿಸಿನೀರು, ಸೋಪು, ಆಮೇಲೆ ಚೆನ್ನಾಗಿ ಕಾಯುವ ಬಿಸಿಲು, ಇಷ್ಟು ಸಾಕು.

ಕೊನೆಯ ಪ್ರಶ್ನೆಯೊಂದು ಉಳಿಯುತ್ತದೆ. ತೊಟ್ಟಿಯಿಂದ ತೆಗೆದುದು ಹೋಗುವುದೆಲ್ಲಿಗೆ? ಪಾಯಿಖಾನೆಗೆ ಸುರಿದರೆ ಕಾಗದದ ಮುದ್ದೆ ಕೊಳವೆಯನ್ನು ಕಟ್ಟುತ್ತದೆ. ಮೋರಿಗೆ ಎಸೆದರೆ ಮಳೆಯ ನೀರಿನೊಡನೆ ಕೆರೆಯ ದಾರಿ ಹಿಡಿಯುತ್ತದೆ. ಕಾಗದವು ಕೊಳೆತು ಗೊಬ್ಬರವಾಗುವುದೇನೋ ನಿಜ. ಆದರೆ ಬೆಕ್ಕಿನ ಮಲ ಬೆರೆತ ಗೊಬ್ಬರವನ್ನು ಸೊಪ್ಪು ತರಕಾರಿಯ ಕುಂಡಗಳಿಗೆ ಹಾಕಲೇಬಾರದು. ಹೇಳಿದ ಬೀಜಕೋಶಗಳು ತೇವವಾದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲವು. ಆದುದರಿಂದ ಮಹಡಿಮನೆಯವರಿಗೆ ಉಳಿಯುವುದು ಕಸದ ಬುಟ್ಟಿಯೇ.

ಬುಟ್ಟಿಗೆ ಹಾಕಿದೊಡನೆ ಕಸ ಮಾಯವಾಗುವುದಿಲ್ಲ ಎಂಬುದನ್ನು ಬೆಂಗಳೂರು ಕಷ್ಟಪಟ್ಟು ಕಲಿಯಿತು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆಯನ್ನು ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ರಾಶಿಬಿದ್ದಿತು. ಆಮೇಲೆ ಭಾರವೆಲ್ಲ ಬಿದ್ದುದು ಮಂಡೂರಿನ ಮೇಲೆ. ಜೋಗುಪಾಳ್ಯದ ಬಳಿಯ ಹಳೆಯ ಮದರಾಸು ರಸ್ತೆಯನ್ನೇ ಹಿಡಿದು, ಕೃಷ್ಣರಾಜಪುರವನ್ನು ದಾಟಿ, ಒಳಕ್ಕೆ ಹೋದರೆ ಸಿಗುವ ಊರದು. ಅಲ್ಲಿನವರು ಬಾವಿಯ ನೀರು ಕೆಟ್ಟಿತೆಂದೂ ದುರ್ವಾಸನೆಯಲ್ಲಿ ಬದುಕಲಾಗದೆಂದೂ ಲಾರಿಗಳಿಗೆ ಅಡ್ಡನಿಂತರು. 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಮರುವರ್ಷದ ಡಿಸೆಂಬರಿನಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಪ್ರತಿಯೊಂದು ಮನೆಯೂ ಎರಡು ಬುಟ್ಟಿ, ಒಂದು ಚೀಲಗಳನ್ನು ಇಟ್ಟುಕೊಂಡು ಕಸವನ್ನು ಬೇರ್ಪಡಿಸಿ ಕೊಡಬೇಕೆಂದು ಆದೇಶಿಸಿತು. ಹಸಿಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯದ ಕಸಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಬೆಕ್ಕಿನ ತೊಟ್ಟಿಯ ಕಾಗದವು ಹೆಸರಿಗೆ ಕಾಗದವಾದರೂ ಒಣಕಸದ ಚೀಲಕ್ಕೆ ಸೇರತಕ್ಕದ್ದಲ್ಲ. ಆ ಚೀಲವನ್ನು ಬಿಚ್ಚಿ ಕೈಯಿಂದ ಆರಿಸುವವರಿದ್ದಾರೆ. ಮಲವನ್ನೂ ಒದ್ದೆಯಾದ ತುಣುಕುಗಳನ್ನೂ ಎರಡು ಮಡಿಕೆ ಪತ್ರಿಕೆಯಲ್ಲಿ ಸುತ್ತಿ, ದಾರದಿಂದ ಕಟ್ಟಿ, ಕಾಣುವಂತೆ ಕೆಂಪು ಶಾಯಿಯ ಗುರುತನ್ನು ಹಾಕಿ ಕೆಂಪು ಬುಟ್ಟಿಗೆ ಹಾಕಬೇಕು. ಒಂದು ಬೆಕ್ಕಿನ ಒಂದು ದಿನದ ಪೊಟ್ಟಣ ಅಂಗೈಯಗಲವೂ ಆಗುವುದಿಲ್ಲ. ಬೆಳಿಗ್ಗೆ ಓಣಿಯ ತುದಿಯಲ್ಲಿ ಕಸದ ಗಾಡಿ ನಿಂತಾಗ ಪೌರಕಾರ್ಮಿಕಳು ಕೆಂಪು ಗುರುತನ್ನು ನೋಡಿ, ಪೊಟ್ಟಣವನ್ನು ಬಿಚ್ಚದೆಯೇ ಬೇರೆಯಾಗಿಟ್ಟುಕೊಳ್ಳುತ್ತಾಳೆ. ಅಷ್ಟರಲ್ಲಿ ಮೇಲಿನ ತಾರಸಿಯಲ್ಲಿ ತೊಳೆದು ಬೋರಲು ಹಾಕಿದ ತೊಟ್ಟಿಯ ಪಕ್ಕದಲ್ಲಿ, ಅದು ಒಣಗುವುದನ್ನೇ ಕಾಯುತ್ತ, ಬೆಕ್ಕು ಕುಳಿತಿರುತ್ತದೆ.